ಪಿಳ್ಳಣ್ಣ ಕ್ಯಾಮೆರಾ ಕೊಂಡಿದ್ದು

ಶ್ರೀನಿವಾಸಪುರದ ಹಳೇ ಬಸ್ ಸ್ಟ್ಯಾಂಡಿನ ಎದುರು ಒಂದು ಫೋಟೋ ಸ್ಟುಡಿಯೋ. ಸ್ಟುಡಿಯೋ ಹಿಂದಿನ ಸಂದಿಯಲ್ಲಿ ಒಂದು ಮನೆ. ಮನೆಯಲ್ಲಿ ಒಬ್ಬಳು ತಾಯಿ, ಒಬ್ಬ ಮಗ. ತಾಯಿ ಮುನಿಯಮ್ಮ, ಮಗ ಪಿಳ್ಳಣ್ಣ.

ಪಿಳ್ಳಣ್ಣನಿಗೆ ಮೂವತ್ತು ವರ್ಷ. ಸುಳ್ಳು ಗೊತ್ತಿಲ್ಲ, ಸೋಮಾರಿತನ ಗೊತ್ತಿಲ್ಲ. ಗೊತ್ತಿದ್ದದ್ದು ಒಂದೇ, ಅಮ್ಮ ಹೇಳಿದ್ದನ್ನು ಹೇಳಿದ ಹಾಗೇ ಮಾಡುವುದು. ಬಾಗಿಲು ನೋಡ್ಕೋ ಅಂದರೆ ಬಾಗಿಲನ್ನೇ ನೋಡುತ್ತ ಕೂತಿರುತ್ತಿದ್ದ. ಹಿಂದಿನಿಂದ ನಾಯಿ ನುಗ್ಗಿ ಅನ್ನ ತಿಂದುಹೋದರೂ ಕಣ್ಣು ಆ ಕಡೆ ತಿರುಗುತ್ತಿರಲಿಲ್ಲ. ಹಾಲು ಉಕ್ಕುತ್ತೇನೋ ನೋಡು ಅಂದರೆ, ಉಕ್ಕಿ ಒಲೆ ಆರುವವರೆಗೂ ನೋಡಿ, ಆಮೇಲೆ ಬಂದು, "ಉಕ್ಕಿತಮ್ಮ" ಅನ್ನುತ್ತಿದ್ದ.

ಅವನಪ್ಪ ಚಿಕ್ಕರಾಮಯ್ಯ ಊರಿಗೆಲ್ಲ ಫೋಟೋ ತೆಗೆದವನು. ಮಗನಿಗೆ ಅವನು ಕಲಿಸಿದ್ದು ಒಂದೇ ಮಾತು: "ಅವರು ತಾವಾಗಿ ನಗೋವರೆಗೂ ಕಾಯಿ, ನಕ್ಕಾಗ ಒತ್ತು." ಪಿಳ್ಳಣ್ಣ ಕಾಯುತ್ತಿದ್ದ. ಕಾಲು ಗಂಟೆಯಾದರೂ ಕಾಯುತ್ತಿದ್ದ. ಹಾಗಾಗಿ ಅವನು ತೆಗೆದ ಫೋಟೋದಲ್ಲಿ ಜನ ನಿಜವಾಗಿ ನಗುತ್ತಿದ್ದರು. ಇದನ್ನು ಊರಿನವರೂ ಒಪ್ಪುತ್ತಿದ್ದರು.

ಅಪ್ಪ ಹೋದ. ರೀಲಿನ ಕಾಲವೂ ಹೋಯಿತು. ರೀಲು ತೊಳೆದುಕೊಡುವವರು ಕೋಲಾರದಲ್ಲೂ ಸಿಗದಂತಾಯಿತು. ಸ್ಟುಡಿಯೋ ಬಾಗಿಲು ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಅಷ್ಟೇ.

ಒಂದು ದಿನ ಮಾವಿನ ಮಂಡಿಯ ಶ್ರೀರಾಮರೆಡ್ಡಿ ಬಂದರು. "ಪಿಳ್ಳಣ್ಣ, ನನ್ನ ಮದುವೆಗೆ ನಿಮ್ಮಪ್ಪ ಫೋಟೋ ತೆಗೆದಿದ್ದ. ನನ್ನ ಮಗಳ ಮದುವೆಗೆ ನೀನು ತೆಗಿ. ಆದರೆ ಈ ಹಳೇ ಡಬ್ಬಾ ನಡೆಯೋದಿಲ್ಲ. ಈಗಿನವರು ಕೊರಳಿಗೆ ಹಾಕ್ಕೊಂಡು ಬರ್ತಾರಲ್ಲ, ಲೆನ್ಸ್ ಬದಲಾಯಿಸೋ ಡಿಜಿಟಲ್ ಕ್ಯಾಮೆರಾ, ಅಂಥದ್ದು ತಗೋ. ಇನ್ನೂ ಒಂದು ತಿಂಗಳಿದೆ" ಅಂದರು.

ಮುನಿಯಮ್ಮ ಅವತ್ತೇ ಕಿವಿಯ ಓಲೆ ಬಿಚ್ಚಿ ಮಾರಿದಳು. ತೂತು ಮುಚ್ಚಿಕೊಳ್ಳದಿರಲಿ ಅಂತ ಕಿವಿಗೆ ಕಡ್ಡಿ ಚುಚ್ಚಿಕೊಂಡಳು. ಮಗನನ್ನು ಎದುರಿಗೆ ಕೂರಿಸಿಕೊಂಡು ಹೇಳಿದಳು: "ಲೋ ಪಿಳ್ಳ, ಇದು ಒಂದೇ ಸಲ ಆಗೋ ಕೆಲಸ. ಕ್ಯಾಮೆರಾ ಸಾವಿರ ಥರ ಇರ್ತವಂತೆ. ಚೆನ್ನಾಗಿ ತಿಳಿದವರನ್ನ ಕೇಳ್ಕೊಂಡು ಬಾ."

"ನೀ ಹೇಳ್ದಂಗೇ ಮಾಡ್ತೀನಮ್ಮ" ಅಂದ ಪಿಳ್ಳಣ್ಣ.

ಕೋಲಾರಕ್ಕೆ ಹೋದ. ಒಂದು ದೊಡ್ಡ ಕ್ಯಾಮೆರಾ ಅಂಗಡಿ. ಗಲ್ಲಾ ಮೇಲಿದ್ದವನನ್ನು ಕೇಳಿದ, "ಅಣ್ಣ, ನಿಮಗೆ ಕ್ಯಾಮೆರಾ ವಿಷಯ ಚೆನ್ನಾಗಿ ತಿಳಿದಿದೆಯಾ?"

"ನನಗಿಂತ ತಿಳಿದವನು ಜಿಲ್ಲೆಯಲ್ಲೇ ಇಲ್ಲ."

"ಹಂಗಾದ್ರೆ ಯಾವುದು ಒಳ್ಳೇದು ಹೇಳಿ."

ಅಂಗಡಿಯವನು ಎರಡು ವರ್ಷದಿಂದ ಮಾರಾಟವಾಗದೆ ಕೂತಿದ್ದ ಒಂದನ್ನು ಕೆಳಗಿಳಿಸಿ, ಧೂಳು ಊದಿ ಮುಂದಿಟ್ಟ. "ಇದೇ. ಇದು ಬಿಟ್ಟರೆ ಇನ್ನೊಂದಿಲ್ಲ."

ಪಿಳ್ಳಣ್ಣ ಕುಣಿಯುತ್ತ ಮನೆಗೆ ಬಂದು ಹೇಳಿದ. ಮುನಿಯಮ್ಮ ಹಣೆ ಚಚ್ಚಿಕೊಂಡಳು. "ಮಾರೋನು ತನ್ನ ಮಾಲನ್ನ ಕೆಟ್ಟದ್ದು ಅಂತಾನೇನೋ? ಅವನಿಗೆ ಅದು ಬಿಕರಿಯಾದ್ರೆ ಸಾಕು. ನೀನು ಕ್ಯಾಮೆರಾ ತಗೊಂಡ್ರೂ ಬಿಟ್ರೂ ಏನೂ ಲಾಭ ಇಲ್ಲದವರನ್ನ ಕೇಳಬೇಕು. ಅವರು ನಿಜ ಹೇಳ್ತಾರೆ."

"ನೀ ಹೇಳ್ದಂಗೇ ಮಾಡ್ತೀನಮ್ಮ."

ಲಾಭ ಇಲ್ಲದವರು ಯಾರು? ಪಿಳ್ಳಣ್ಣ ಊರಿನವರನ್ನೆಲ್ಲ ಒಬ್ಬೊಬ್ಬರಾಗಿ ನೆನೆದು ನೋಡಿದ. ಫೋಟೋಗೆ ಕಟ್ಟು ಹಾಕುವವನಿಗೆ ಲಾಭ ಇದೆ. ಮದುವೆ ಛತ್ರದವನಿಗೆ ಲಾಭ ಇದೆ. ಕೊನೆಗೆ ಬಸ್ ಸ್ಟ್ಯಾಂಡಿನಲ್ಲಿ ತೂಕದ ಮೆಷಿನ್ನು ಇಟ್ಟುಕೊಂಡು ಕೂರುವ ಗಂಗಪ್ಪ ನೆನಪಾದ. ಗಂಗಪ್ಪನಿಗೆ ಹುಟ್ಟಿನಿಂದ ಕಣ್ಣಿಲ್ಲ. ಫೋಟೋ ಒಳ್ಳೇದಾದರೂ ಅವನಿಗೆ ಒಂದೇ, ಕೆಟ್ಟರೂ ಒಂದೇ.

"ನನ್ನನ್ನ ಕೇಳ್ತೀಯಲ್ಲಪ್ಪ" ಅಂದ ಗಂಗಪ್ಪ. "ನಾನೇನು ಕಂಡಿದ್ದೀನಿ?"

"ಅದಕ್ಕೇ ಕೇಳ್ತಿದ್ದೀನಿ. ನಿನಗೆ ಏನೂ ಲಾಭ ಇಲ್ಲ."

ಗಂಗಪ್ಪ ಒಳ್ಳೆಯವನು. ಕೇಳಿದವನನ್ನು ಬರಿಗೈಯಲ್ಲಿ ಕಳಿಸಬಾರದು ಅಂತ ಸ್ವಲ್ಪ ಹೊತ್ತು ಯೋಚಿಸಿದ. "ನಿಮ್ಮಪ್ಪನ ಕ್ಯಾಮೆರಾ ಕಟಕ್ ಅಂತಿತ್ತು. ಆ ಸದ್ದು ನನಗೆ ಇಷ್ಟ. ನನಗೆ ಗೊತ್ತಿರೋದು ಅಷ್ಟೇ."

ಪಿಳ್ಳಣ್ಣ ಮತ್ತೆ ಕೋಲಾರಕ್ಕೆ ಹೋಗಿ ಆ ಅಂಗಡಿಯ ಒಂದೊಂದೇ ಕ್ಯಾಮೆರಾಕ್ಕೆ ಕಿವಿ ಕೊಟ್ಟ. ಇಪ್ಪತ್ತೆರಡು ಕ್ಯಾಮೆರಾಗಳ ಸದ್ದು ಕೇಳಿದ ಮೇಲೆ ಅಂಗಡಿಯವನು ತೋಳು ಹಿಡಿದು ಹೊರಗೆ ಬಿಟ್ಟ.

"ಕಣ್ಣಿಲ್ಲದವನನ್ನ ಫೋಟೋ ವಿಷಯ ಕೇಳಿದೆಯಾ?" ಮುನಿಯಮ್ಮನ ದನಿ ಸೋತಿತ್ತು. "ಆ ಪಾಪದವನಿಗೆ ಎಷ್ಟು ನೋವಾಯ್ತೋ. ಲೋ, ಬಳಸಿದವರನ್ನ ಕೇಳಬೇಕು. ಒಬ್ಬರನ್ನಲ್ಲ, ಹತ್ತು ಜನರನ್ನ. ಹತ್ತು ಜನ ಒಂದೇ ಮಾತು ಹೇಳಿದ್ರೆ ಅದು ನಿಜ."

"ನೀ ಹೇಳ್ದಂಗೇ ಮಾಡ್ತೀನಮ್ಮ."

ಪಕ್ಕದ ಮನೆಯಲ್ಲಿ ರವಿಕೆ ಹೊಲಿಯುವ ಸುಗುಣ ಅಂತ ಒಬ್ಬಳು. ಅವಳ ಮೊಬೈಲಿನಲ್ಲಿ ಕ್ಯಾಮೆರಾ ಕೊಂಡವರು ಬರೆದ ಅಭಿಪ್ರಾಯಗಳೆಲ್ಲ ಸಿಗುತ್ತವೆ ಅಂತ ಯಾರೋ ಹೇಳಿದರು. ಪಿಳ್ಳಣ್ಣ ಮೊಬೈಲು ಇಸಕೊಂಡು ಅವಳ ಜಗುಲಿಯ ಮೇಲೆ ಮೂರು ದಿನ ಕೂತ. ಸುಗುಣ ಮೆಷಿನ್ನು ತುಳಿಯುತ್ತಿದ್ದಳು, ಅವನು ಬೆರಳಿಟ್ಟು ಓದುತ್ತಿದ್ದ.

ಒಂದು ಕ್ಯಾಮೆರಾದ ಬಗ್ಗೆ ಎರಡು ವರ್ಷ ಮದುವೆಗಳಿಗೆ ಹೊತ್ತು ತಿರುಗಿದವನೊಬ್ಬ ಉದ್ದಕ್ಕೆ ಬರೆದಿದ್ದ. ಬೆಳಕು ಕಡಿಮೆ ಇರುವ ಛತ್ರದಲ್ಲಿ ಹೇಗೆ ಬರುತ್ತೆ, ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತೆ, ಯಾವ ಲೆನ್ಸು ಬೇಕು, ಯಾವುದು ದಂಡ, ಎಲ್ಲ ಬರೆದಿದ್ದ. ತಾನು ತೆಗೆದ ಫೋಟೋಗಳನ್ನೂ ಹಾಕಿದ್ದ. ಪಿಳ್ಳಣ್ಣ ಅದನ್ನು ಪೂರ್ತಿ ಓದಿದ, ಆಮೇಲೆ ಬಿಟ್ಟ. ಯಾಕೆಂದರೆ ಹಾಗೆ ಬರೆದವನು ಅವನೊಬ್ಬನೇ. ಅಮ್ಮ ಹೇಳಿದ್ದು ಹತ್ತು ಜನ.

ಮೂರನೇ ದಿನ ಹತ್ತು ಜನ ಸಿಕ್ಕರು. ಬೇರೆ ಒಂದು ಕ್ಯಾಮೆರಾ. ಹತ್ತೂ ಜನ ಅಕ್ಷರ ಬಿಡದೆ ಒಂದೇ ಮಾತು ಬರೆದಿದ್ದರು: "ಈ ಕ್ಯಾಮರ ತೆಗೆದುಕೊಂಡ ಮೇಲೆ ನಮ್ಮ ಮನೆಯವರಿಗೆಲ್ಲ ತುಂಬಾ ಸಂತೊಷ."

ಪಿಳ್ಳಣ್ಣನ ಕಣ್ಣಲ್ಲಿ ನೀರು ಬಂತು. ಅಮ್ಮನನ್ನು ಜಗುಲಿಗೆ ಕೂಗಿ ಕರೆದು ತೋರಿಸಿದ. "ಅಮ್ಮ, ಹತ್ತು ಊರಿನ ಹತ್ತು ಜನ. ಒಂದೇ ಮಾತು. ಎಲ್ಲರೂ ಸಂತೋಷಕ್ಕೆ ದೀರ್ಘ ಕೊಡೋದನ್ನೂ ಒಂದೇ ಥರ ಮರೆತಿದ್ದಾರೆ."

ಸುಗುಣ ಮೆಷಿನ್ನು ನಿಲ್ಲಿಸಿ ಬಂದು ನೋಡಿದಳು. "ಮುನಿಯಮ್ಮಕ್ಕ, ಇದು ಹತ್ತು ಜನ ಅಲ್ಲ. ಒಬ್ಬನೇ ಕೂತು ಹತ್ತು ಹೆಸರು ಹಾಕಿದ್ದಾನೆ. ಹಿಂಗೆ ಬರೆಯೋಕೇ ಕೂಲಿ ಕೊಡ್ತಾರಂತೆ."

ಮುನಿಯಮ್ಮ ಇವತ್ತು ಹಣೆ ಚಚ್ಚಿಕೊಳ್ಳಲಿಲ್ಲ. ಅವಳಿಗೆ ಹೆದರಿಕೆಯಾಗಿತ್ತು. ಮದುವೆಗೆ ಎಂಟು ದಿನ ಉಳಿದಿತ್ತು. "ನೋಡಪ್ಪ, ಬರೀ ಹೊಗಳೋರನ್ನ ನಂಬಲೇಬೇಡ" ಅಂದಳು ಮೆತ್ತಗೆ. "ಯಾವನು ಐಬು ಇದ್ದದ್ದನ್ನ ಇದ್ದ ಹಾಗೆ ಬಾಯಿಬಿಟ್ಟು ಹೇಳ್ತಾನೋ ಅವನನ್ನ ನಂಬು. ಅವನ ಹತ್ತಿರವೇ ತಗೋ." ದುಡ್ಡಿನ ಗಂಟನ್ನು ಅವನ ಒಳಜೇಬಿಗೆ ಹಾಕಿ ಪಿನ್ನು ಚುಚ್ಚಿ ಕಳಿಸಿದಳು.

"ನೀ ಹೇಳ್ದಂಗೇ ಮಾಡ್ತೀನಮ್ಮ."

ಬೆಂಗಳೂರಿಗೆ ಹೋದ. ಹೊಸ ಕ್ಯಾಮೆರಾ ಮಾರುವ ಅಂಗಡಿಗಳಲ್ಲೆಲ್ಲ ಕೇಳಿದ, "ಇದರಲ್ಲಿ ಐಬೇನಿದೆ?"

"ಏನೂ ಇಲ್ಲ ಸಾರ್."

ಪಿಳ್ಳಣ್ಣ ಕೈಮುಗಿದು ಹೊರಗೆ ಬರುತ್ತಿದ್ದ. ಹೀಗೆ ಏಳು ಅಂಗಡಿ ದಾಟಿದ. ಆಮೇಲೆ ಭಾನುವಾರ ಹಳೇ ಸಾಮಾನು ಹರಡಿಕೊಂಡು ಮಾರುವ ಬೀದಿಗೆ ಬಂದ. ನೆಲದ ಮೇಲೆ ಗೋಣಿ ಹಾಸಿಕೊಂಡು ಒಬ್ಬ ಕೂತಿದ್ದ. ಮುರಿದ ಟಾರ್ಚು, ಗಡಿಯಾರಗಳ ನಡುವೆ ಒಂದು ದೊಡ್ಡ ಕರೀ ಕ್ಯಾಮೆರಾ.

"ಇದರ ಐಬೇನಣ್ಣ?"

ಆ ಮನುಷ್ಯ ತಲೆ ಎತ್ತಿ ನೋಡಿದ. "ಐಬು ಕೇಳ್ತೀಯಾ? ನೀರಿಗೆ ಬಿದ್ದಿತ್ತು. ಹಿಂದಿನ ಪರದೆ ಹತ್ತೋದಿಲ್ಲ. ಒಳಗಿನ ಕನ್ನಡಿ ಒಡೆದಿದೆ. ಬಟನ್ ಒತ್ತಿದ್ರೆ ಹಾಗೇ ಕೂತ್ಬಿಡುತ್ತೆ. ಇದು ಬಿಡಿಭಾಗಕ್ಕೆ ಅಂತ ಇಟ್ಟಿರೋದು, ಫೋಟೋ ತೆಗೆಯೋಕಲ್ಲ."

ಇಷ್ಟು ದಿನದಲ್ಲಿ ಇಂಥ ಮನುಷ್ಯನನ್ನು ಪಿಳ್ಳಣ್ಣ ಕಂಡಿರಲಿಲ್ಲ. ಅವನ ಮುಂದೆ ಕುಕ್ಕರುಗಾಲಲ್ಲಿ ಕೂತು, ಪಿನ್ನು ಬಿಚ್ಚಿ, ಗಂಟು ಪೂರ್ತಿ ತೆಗೆದು ಗೋಣಿಯ ಮೇಲಿಟ್ಟ. "ನಿನ್ನನ್ನ ನಂಬಿದೆ ಅಣ್ಣ. ಇದನ್ನೇ ಕೊಡು."

"ಬೇಡ ಕಣಪ್ಪ, ಕೆಲಸಕ್ಕೆ ಬರೋದಿಲ್ಲ."

"ಅದನ್ನ ಹೇಳಿದ್ದಕ್ಕೇ ತಗೋತಿದ್ದೀನಿ."

"ಬೇಡ, ಹೋಗು."

ಪಿಳ್ಳಣ್ಣ ಗಂಟನ್ನು ಇನ್ನಷ್ಟು ಮುಂದಕ್ಕೆ ತಳ್ಳಿದ. ಆ ಮನುಷ್ಯ ಎರಡು ಸಲ ಬೇಡ ಅಂದಿದ್ದ. ಮೂರನೇ ಸಲ ಅನ್ನಲಿಲ್ಲ. ಅತ್ತ ಇತ್ತ ನೋಡಿ, ಕ್ಯಾಮೆರಾ ಪಿಳ್ಳಣ್ಣನ ಕೈಗಿಟ್ಟು, ದುಡ್ಡಿನ ಗಂಟಿನ ಸಮೇತ ಗೋಣಿ ಸುತ್ತಿಕೊಂಡು ಎದ್ದುಹೋದ.

ಮಾರನೇ ದಿನ ಬೆಳಿಗ್ಗೆ ಮುನಿಯಮ್ಮ ಕ್ಯಾಮೆರಾವನ್ನು ಕೈಯಲ್ಲಿ ತಿರುಗಿಸಿ ನೋಡಿದಳು. ಅಲ್ಲಾಡಿಸಿದರೆ ಒಳಗೆ ಗಾಜಿನ ಚೂರು ಸದ್ದು ಮಾಡುತ್ತಿತ್ತು. ಮಗ ನಡೆದದ್ದನ್ನೆಲ್ಲ ಹೇಳಿದ. ಒಂದು ಮಾತನ್ನೂ ಬಿಡಲಿಲ್ಲ. ಅವಳ ಕೈ ತಾನಾಗಿ ಕಿವಿಯ ಕಡ್ಡಿಯ ಹತ್ತಿರ ಹೋಗಿ ಅಲ್ಲೇ ನಿಂತಿತು.

"ತಪ್ಪು ನನ್ನದೇ" ಅಂದಳು. "ದಿನಕ್ಕೊಂದು ಬುದ್ಧಿ ಹೇಳಿದೆ. ಸಾಕು. ಇನ್ಮೇಲೆ ಯಾರೇ ಬಂದು ಏನೇ ಹೇಳಲಿ, ಕಿವಿ ಮೇಲೆ ಹಾಕ್ಕೋಬೇಡ. ಯಾರ ಮಾತೂ ಕೇಳಬೇಡ. ಹೋಗಿ ಸ್ಟುಡಿಯೋ ಬಾಗಿಲಲ್ಲಿ ಸುಮ್ಮನೆ ಕೂತಿರು."

"ನೀ ಹೇಳ್ದಂಗೇ ಮಾಡ್ತೀನಮ್ಮ."

ಮುನಿಯಮ್ಮ ಕ್ಯಾಮೆರಾವನ್ನು ಚೀಲಕ್ಕೆ ಹಾಕಿಕೊಂಡು ಮೂರು ಬೀದಿ ದಾಟಿ ಖಾಸಿಂ ಸಾಹೇಬರ ಮನೆಗೆ ಹೋದಳು. ಖಾಸಿಂ ಸಾಹೇಬರು ಪತ್ರಿಕೆಯವರಿಗೆ ಮೂವತ್ತು ವರ್ಷ ಫೋಟೋ ತೆಗೆದುಕೊಟ್ಟವರು. ಸುತ್ತ ನಾಲ್ಕು ತಾಲ್ಲೂಕಿನಲ್ಲಿ ಕ್ಯಾಮೆರಾ ವಿಷಯದಲ್ಲಿ ಅವರ ಮಾತೇ ಕೊನೆ. ಇಷ್ಟು ದಿನ ಅವರ ಹೆಸರು ಮುನಿಯಮ್ಮನ ಬಾಯಿಗೆ ಬಂದಿರಲಿಲ್ಲ. ಅದಕ್ಕೆ ಕಾರಣವಿತ್ತು. ಇಪ್ಪತ್ತು ವರ್ಷದ ಹಿಂದೆ ಒಂದು ಮದುವೆ ಮನೆಯಲ್ಲಿ ಅವರು ಚಿಕ್ಕರಾಮಯ್ಯನಿಗೆ, "ನಿನ್ನ ಲೆನ್ಸಿಗೆ ಬೂಷ್ಟು ಹಿಡಿದಿದೆ, ಬದಲಾಯಿಸು" ಅಂದಿದ್ದರು. ನಾಲ್ಕು ಜನರ ಮುಂದೆ ಅಂದಿದ್ದರು. ಚಿಕ್ಕರಾಮಯ್ಯ ಮುಖ ತಿರುಗಿಸಿದವನು ಸಾಯುವವರೆಗೂ ಮಾತಾಡಲಿಲ್ಲ. ಅವನು ಸತ್ತಾಗ ಸಾಹೇಬರು ಬಂದಿದ್ದರು. ಬಂದವರಿಗೆ ಮುನಿಯಮ್ಮ ಒಂದು ಲೋಟ ನೀರೂ ಕೊಡಲಿಲ್ಲ.

ಸಾಹೇಬರು ಕ್ಯಾಮೆರಾ ಬಿಚ್ಚಿ ನೋಡಿ ಮುಚ್ಚಿದರು. "ಸತ್ತಿದೆ" ಅಂದರು. "ಯಾವುದು ತಗೋಬೇಕು ಅಂತ ಮೂರು ಬೀದಿ ದಾಟಿ ಬಂದಿದ್ರೆ ಒಂದೇ ಮಾತಲ್ಲಿ ಹೇಳ್ತಿದ್ದೆನಲ್ಲಮ್ಮ."

"ಯಾವ ಮುಖ ಇಟ್ಕೊಂಡು ಬರಲಿ ಸಾಬ್ರೇ?"

ಸಾಹೇಬರ ಮನೆಯಲ್ಲಿ ಪೆಟ್ಟಿಗೆಗಳನ್ನು ಕಟ್ಟಿಟ್ಟಿತ್ತು. ಹೊಸಪೇಟೆಯ ಮಗಳ ಮನೆಗೆ ಇವತ್ತೇ ಹೊರಟಿದ್ದರು, ಇನ್ನು ಬರುವುದಿಲ್ಲ ಅಂತ. ಕೈ ನಡುಗುತ್ತಿತ್ತು. "ಈ ಕೈಗೆ ಇನ್ನು ಕ್ಯಾಮೆರಾ ನಿಲ್ಲೋದಿಲ್ಲ" ಅಂದರು. "ನನ್ನದನ್ನ ನಿನ್ನ ಮಗನಿಗೆ ಕೊಡ್ತೀನಿ. ಅವನು ತೆಗೆದ ಫೋಟೋ ನೋಡಿದ್ದೀನಿ, ಕಾಯೋದು ಗೊತ್ತು ಅವನಿಗೆ. ಆದ್ರೆ ನಾನೇ ಅವನ ಕೈಗೆ ಕೊಟ್ಟು ನಾಲ್ಕು ಮಾತು ಹೇಳಬೇಕು, ಇಲ್ಲದಿದ್ರೆ ಎರಡು ದಿನದಲ್ಲಿ ಕೆಡಿಸ್ತಾನೆ. ಹನ್ನೊಂದರ ಬಸ್ಸಿಗೆ ಹೋಗ್ತಾ ಬರ್ತೀನಿ. ನೀನು ಹೋಗು."

"ಕಾಫಿ ಮಾಡಿಟ್ಟಿರ್ತೀನಿ ಸಾಬ್ರೇ. ಕುಡಿಯದೆ ಹೋಗಬೇಡಿ."

ಅವಳು ಸಂದಿಯಿಂದಲೇ ಮನೆಗೆ ಓಡಿ ಹಾಲು ಇಟ್ಟಳು. ಸ್ಟುಡಿಯೋ ಕಡೆ ಹೋಗಲು ಅವಳಿಗೆ ಹೊತ್ತಿರಲಿಲ್ಲ.

ಖಾಸಿಂ ಸಾಹೇಬರು ಬಂದಾಗ ಪಿಳ್ಳಣ್ಣ ಬಾಗಿಲಲ್ಲಿ ಕೂತಿದ್ದ. ಅವರು ಕೊರಳಿನಿಂದ ಕ್ಯಾಮೆರಾ ತೆಗೆದರು. "ಇಲ್ಲಿ ನೋಡು ಮಗ, ನಾನು ಹೇಳೋದನ್ನ ಗಮನ ಇಟ್ಟು ಕೇಳು."

ಪಿಳ್ಳಣ್ಣ ಎರಡೂ ಕಿವಿಗೆ ಬೆರಳು ಇಟ್ಟುಕೊಂಡ.

ಸಾಹೇಬರಿಗೆ ಅರ್ಥವಾಗಲಿಲ್ಲ. ಇನ್ನೊಂದು ಸಲ ಹೇಳಿದರು. ಪಿಳ್ಳಣ್ಣ ಕಣ್ಣನ್ನೂ ಮುಚ್ಚಿದ. ಬಸ್ ಸ್ಟ್ಯಾಂಡಿನ ಜನ ನೋಡುತ್ತಿದ್ದರು. ಯಾರೋ ನಕ್ಕರು. ಸಾಹೇಬರು ಕ್ಯಾಮೆರಾ ಹಿಡಿದ ಕೈ ಚಾಚಿಕೊಂಡೇ ನಿಂತಿದ್ದರು. ಆಮೇಲೆ ಪಟ್ಟಿಯನ್ನು ಮತ್ತೆ ತಮ್ಮ ಕೊರಳಿಗೇ ಹಾಕಿಕೊಂಡರು.

"ಅಪ್ಪ ಮುಖ ತಿರುಗಿಸಿದ, ಮಗ ಕಿವಿ ಮುಚ್ಚಿದ" ಅಂದರು. "ಅವತ್ತು ನೀರಿರಲಿಲ್ಲ, ಇವತ್ತು ಕಿವಿ ಇಲ್ಲ. ಮತ್ತೆ ಯಾಕೆ ಕಾಫಿಗೆ ಕರೆದಳೋ."

ಬಸ್ಸು ಹಾರನ್ನು ಹೊಡೆಯಿತು. ಹತ್ತಿ ಕೂತರು.

ಮುನಿಯಮ್ಮ ಸೆರಗಿನಲ್ಲಿ ಲೋಟ ಹಿಡಿದು ಬರುವಷ್ಟರಲ್ಲಿ ಬಸ್ಸು ಪೋಸ್ಟ್ ಆಫೀಸಿನ ಹತ್ತಿರ ತಿರುಗುತ್ತಿತ್ತು. "ಸಾಬ್ರು ಬಂದ್ರೇನೋ? ಎಲ್ಲಿ ಕ್ಯಾಮೆರಾ?"

ಪಿಳ್ಳಣ್ಣ ಆಗಲೇ ಕಣ್ಣು ಬಿಟ್ಟಿದ್ದ. ಅವಳ ಬಾಯಿ ಆಡುವುದನ್ನು ಕಂಡು ಎದ್ದು ನಿಂತ. ಬೆರಳು ತೆಗೆಯಲಿಲ್ಲ. "ಒಬ್ಬರು ಬಂದು ಏನೇನೋ ಹೇಳಿದರಮ್ಮ. ನಾನು ಕೇಳಲಿಲ್ಲ. ಕೊನೇಲಿ ಮಾತ್ರ ಬೆರಳು ಸ್ವಲ್ಪ ಜಾರಿತು, ನೀರು, ಕಿವಿ, ಅಂತ ಎರಡು ಮಾತು ಒಳಗೆ ಹೋಗಿಬಿಟ್ಟವು. ತಪ್ಪಾಯ್ತು. ಇನ್ನೊಂದು ಸಲ ಹಂಗಾಗೋದಿಲ್ಲ."

ಮುನಿಯಮ್ಮ ಅವನ ಒಂದು ಕೈ ಹಿಡಿದು ಎಳೆದಳು. "ನಾನು ಕಣೋ, ನಿಮ್ಮಮ್ಮ. ನನ್ನ ಮಾತು ಕೇಳೋ."

ಪಿಳ್ಳಣ್ಣನಿಗೆ ಅಮ್ಮನ ಮೇಲೆ ಕನಿಕರ ಬಂತು. ತಲೆ ಅಲ್ಲಾಡಿಸಿದ. "ಯಾರ ಮಾತೂ ಅಂದ್ರೆ ಯಾರ ಮಾತೂ ಅಮ್ಮ. ನನ್ನನ್ನ ಪರೀಕ್ಷೆ ಮಾಡಬೇಡ." ಕೈ ಬಿಡಿಸಿಕೊಂಡು ಮತ್ತೆ ಬೆರಳು ಇಟ್ಟುಕೊಂಡ, ಈ ಸಲ ಇನ್ನೂ ಗಟ್ಟಿಯಾಗಿ.

ಅವಳು ಅವನ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತಳು. ಲೋಟವನ್ನು ಇಬ್ಬರ ನಡುವೆ ಇಟ್ಟಳು. "ನೀನಾದರೂ ಕುಡಿ" ಅಂದಳು.

ಅವನು ಕೇಳಲಿಲ್ಲ. ಕಾಫಿಯ ಮೇಲೆ ಕೆನೆ ಕಟ್ಟಿತು.