ಖಾಲಿ ಬಿಡದ ಗೋಲು

ಲಡಾಖಿನ ಒಂದು ಸರೋವರದ ದಂಡೆಯಲ್ಲಿ ನೊರ್ಬು ಎಂಬ ಗುರುಗಳಿದ್ದರು. ಅವರು ಕಲಿಸುತ್ತಿದ್ದದ್ದು ಮಂತ್ರವನ್ನಲ್ಲ, ಐಸ್ ಹಾಕಿಯನ್ನು. ಅದರಲ್ಲೂ ಗೋಲು ಕಾಯುವುದನ್ನು ಮಾತ್ರ.

ಚಳಿಗಾಲದಲ್ಲಿ ಸರೋವರ ಕಲ್ಲಿನಂತೆ ಗಟ್ಟಿಯಾಗುತ್ತಿತ್ತು. ಅದರ ಮೇಲೆ ಎರಡು ಕಂಬ ನಿಲ್ಲಿಸಿ ಹಿಂದೆ ಬಲೆ ಕಟ್ಟಿದರೆ ಅದೇ ಅವರ ಆಶ್ರಮ.

ರಿಗ್ಜಿನ್ ಅವರ ಬಳಿ ಬಂದಾಗ ಚಿಕ್ಕವನು. ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಮೊದಲ ದಿನವೇ ಆಕಾಶದಲ್ಲಿ ವಿಮಾನದ ಸದ್ದಾಯಿತೆಂದು ಗೋಲು ಬಿಟ್ಟು ನೋಡಲು ಓಡಿದ. ತಿರುಗಿ ಬಂದರೆ ಆಟದ ಕಪ್ಪು ರಬ್ಬರ್ ಬಿಲ್ಲೆ ಬಲೆಯೊಳಗೆ ಬಿದ್ದಿತ್ತು. ಹೊಡೆದವರು ಗುರುಗಳೇ.

"ಇದು ಮೋಸ," ಎಂದ ರಿಗ್ಜಿನ್.

"ಗೋಲು ಬಿಟ್ಟು ಹೋಗಬೇಡ," ಎಂದರು ಗುರುಗಳು.

ಅವನು ಆ ಮಾತನ್ನು ಗಂಟು ಹಾಕಿಕೊಂಡ. ಅದರ ಬಲದ ಮೇಲೆಯೇ ಬೆಳೆದ. ಮುಂದೆ ಸಮುದ್ರದಾಚೆಯ ದೇಶದ ಒಂದು ಕ್ಲಬ್ ಸಂಬಳ ಕೊಟ್ಟು ಅವನನ್ನು ಕರೆಸಿಕೊಂಡಿತು. ಕೆಲವು ವರ್ಷ ಬೆಂಚಿನ ಮೇಲೆ ಕೂತು, ಇನ್ನೊಬ್ಬ ಗೋಲ್‌ಕೀಪರ್ ಆಡುವುದನ್ನು ನೋಡಿದ. ಆಮೇಲೆ ಆ ಇನ್ನೊಬ್ಬನ ಮಂಡಿ ಕೈಕೊಟ್ಟಿತು, ಇವನ ಅದೃಷ್ಟ ಖುಲಾಯಿಸಿತು. ಮುಂದಿನ ಹಲ್ಲು ಹೋದವು, ಹೆಸರು ಬಂತು. ಜನ ಅವನನ್ನು 'ಗೋಡೆ' ಎಂದು ಕರೆದರು. ಅವನಿಗೂ ಅದು ಇಷ್ಟವಾಯಿತು.

ಹೀಗಿರಲು ಒಂದು ವರ್ಷ, ಚಳಿಗಾಲ ಮುಗಿಯುತ್ತಾ ಬಂದ ಹೊತ್ತಿನಲ್ಲಿ, ಚೀಲ ಹೊತ್ತುಕೊಂಡು ಗುರುಗಳ ಬಾಗಿಲಿಗೆ ಬಂದು ನಿಂತ.

"ಏನೋ, ಆಟ ಬಿಟ್ಟು ಬಂದೆಯಾ?"

"ಅವರೇ ಬಿಡಿಸೋ ಹಾಗಿದ್ದಾರೆ, ಗುರುಗಳೇ."

"ಏನಾಯ್ತು?"

"ಫೈನಲ್ ಪಂದ್ಯ. ಕೊನೇ ನಿಮಿಷ. ನಾವು ಒಂದು ಗೋಲು ಹಿಂದೆ ಇದ್ವಿ. ಕೋಚ್ ಕೈ ಎತ್ತಿ ನನ್ನನ್ನ ಹೊರಗೆ ಕರೆದ."

ಈ ಆಟದಲ್ಲಿ ಅದೊಂದು ಪದ್ಧತಿ. ಸೋಲು ಕಣ್ಣೆದುರು ಬಂದಾಗ ಗೋಲ್‌ಕೀಪರನನ್ನು ಹೊರಗೆ ಕರೆದು, ಅವನ ಬದಲು ದಾಳಿಗೆ ಇನ್ನೊಬ್ಬನನ್ನು ಇಳಿಸುತ್ತಾರೆ. ಗೋಲು ಖಾಲಿ ಬಿದ್ದಿರುತ್ತದೆ. ಎದುರಾಳಿಗೆ ಬಿಲ್ಲೆ ಸಿಕ್ಕಿತೋ, ಕಥೆ ಮುಗಿದಂತೆ. ಆದರೂ ಕರೆದಾಗ ಬರಬೇಕು.

"ನೀನು?" ಎಂದರು ಗುರುಗಳು.

"ಹೋಗಲಿಲ್ಲ." ರಿಗ್ಜಿನ್ ಎದೆ ಸೆಟೆಸಿದ. "ಅಷ್ಟು ಜನರ ಮುಂದೆ ನನ್ನ ಗೋಲನ್ನ ಅನಾಥ ಮಾಡಿ ಓಡಲಾ? ಕೋಚ್ ಕೂಗ್ತಾನೇ ಇದ್ದ, ಕೇಳಿಸದವನ ಹಾಗೆ ನಿಂತೆ. ಒಂದನ್ನೂ ಒಳಗೆ ಬಿಡಲಿಲ್ಲ."

"ಪಂದ್ಯ?"

"ಅದೇ ಒಂದು ಗೋಲಿನಿಂದ ಸೋತ್ವಿ."

ಗುರುಗಳು ಒಲೆಗೆ ಒಂದು ತುಂಡು ಸೌದೆ ಹಾಕಿದರು.

"ಈಗ ತಂಡದಲ್ಲಿ ಯಾರೂ ನನ್ನ ಹತ್ರ ಮಾತಾಡಲ್ಲ. ಎಲ್ಲರ ಎದುರು ತಪ್ಪಾಯ್ತು ಅನ್ನಬೇಕಂತೆ. ಇಲ್ಲದಿದ್ರೆ ಮುಂದಿನ ವರ್ಷ ಜಾಗ ಇಲ್ಲ. ಈ ವಯಸ್ಸಿನಲ್ಲಿ ಬೇರೆ ಯಾವ ಕ್ಲಬ್ಬೂ ನನ್ನನ್ನ ಕರೆಯಲ್ಲ."

"ಅಂದುಬಿಡು, ಅದಕ್ಕೇನು?"

"ಯಾಕೆ ಅನ್ನಲಿ? ಗೋಲು ಬಿಟ್ಟು ಹೋಗಬೇಡ ಅಂದವರು ನೀವೇ ಅಲ್ವಾ? ನೀನು ಮಾಡಿದ್ದು ಸರಿ ಅಂತ ಒಂದು ಮಾತು ಹೇಳಿ. ಆಟ ಹೋದ್ರೂ ಹೋಗಲಿ."

"ಆಗ ನಿನಗೆ ಓಡುವ ಚಾಳಿ ಇತ್ತು," ಎಂದರು ಗುರುಗಳು. ರಿಗ್ಜಿನ್ ಇನ್ನೂ ಏನೋ ಹೇಳಲು ಬಾಯಿ ತೆರೆದ. ಗುರುಗಳು ಅವನ ಕೈಗೆ ಚಹಾದ ಬಟ್ಟಲು ಕೊಟ್ಟರು. "ನಾಳೆ ಬೆಳಿಗ್ಗೆ ಸ್ವಲ್ಪ ಆಡೋಣ."

ಬೆಳಿಗ್ಗೆ ರಿಗ್ಜಿನ್ ಮುಖವಾಡ ಹಾಕಿಕೊಂಡು ಹಳೆಯ ಕಂಬಗಳ ನಡುವೆ ನಿಂತ. ಗುರುಗಳು ಹೊಡೆದರು, ಇವನು ತಡೆದ. ಎಡಕ್ಕೆ ಹೊಡೆದರು, ತಡೆದ. ಮುದುಕರ ಕೈಯಲ್ಲಿ ಇನ್ನೂ ಕಸುವಿತ್ತು, ಆದರೆ ಗೋಡೆಯ ಮುಂದೆ ಅದೇನು ನಡೆದೀತು?

ರಿಗ್ಜಿನ್‌ಗೆ ಹುಮ್ಮಸ್ಸು ಬಂತು. ಮುಂದಿನದನ್ನು ಬರೀ ತಡೆಯಲಿಲ್ಲ, ಬೀಸಿ ಹೊಡೆದ. ಬಿಲ್ಲೆ ಗುರುಗಳನ್ನು ದಾಟಿ, ಸರೋವರದ ಮೂಡಣ ಮೂಲೆಯವರೆಗೆ ಜಾರಿಕೊಂಡು ಹೋಯಿತು.

ಆ ಮೂಲೆಯಲ್ಲಿ ನೆಲದಡಿಯಿಂದ ಬುಗ್ಗೆ ಏಳುತ್ತದೆ. ಚಳಿ ಇಳಿಯತೊಡಗಿದರೆ ಮೊದಲು ತೆಳುವಾಗುವುದು ಅಲ್ಲಿಯ ಮಂಜುಗಡ್ಡೆಯೇ. ಯಂತ್ರ ಹೆಪ್ಪುಗಟ್ಟಿಸಿದ ಅಂಗಳದಲ್ಲಿ ಆಡಿ ಆಡಿ ರಿಗ್ಜಿನ್ ಅದನ್ನು ಮರೆತೇಬಿಟ್ಟಿದ್ದ. ಗುರುಗಳು ಮರೆತಿರಲಿಲ್ಲ. ಆದರೆ ಇದ್ದದ್ದು ಅದೊಂದೇ ಬಿಲ್ಲೆ, ಅದರ ಮೇಲಿನ ಆಸೆ ಗುರುಗಳನ್ನೂ ಬಿಟ್ಟಿರಲಿಲ್ಲ.

"ನಿಂತಿರು, ತರ್ತೀನಿ," ಎಂದು ಅವರು ಜಾರುತ್ತ ಹೊರಟರು.

ರಿಗ್ಜಿನ್ ನಿಂತ. ಎದುರಿಗೆ ಹೊತ್ತು ಏರುತ್ತಿತ್ತು. ಮುಖವಾಡದ ಸರಳುಗಳ ನಡುವೆ ಬರೀ ಬೆಳಕು ಕಾಣುತ್ತಿತ್ತು.

ಸ್ವಲ್ಪ ಹೊತ್ತಿಗೆ ದೂರದಿಂದ ಗುರುಗಳ ದನಿ ಕೇಳಿಸಿತು.

"ರಿಗ್ಜಿನ್, ಬಾ!"

ಅವನು ಹೆಜ್ಜೆ ಎತ್ತಿದವನು ನಿಂತುಬಿಟ್ಟ. ಓಹೋ, ಪರೀಕ್ಷೆ! ಕೋಚ್ ಕರೆದ ಹಾಗೆಯೇ ಕರೆಯುತ್ತಿದ್ದಾರೆ. ಹೋದರೆ ಬಿಲ್ಲೆ ಬಲೆಯೊಳಗೆ ಬೀಳುತ್ತದೆ, ವಿಮಾನ ನೋಡಲು ಓಡಿದ ಆ ದಿನದ ಹಾಗೆ. ನಿನ್ನೆಯ ಮಾತಿಗೆ ಗುರುಗಳು ಉತ್ತರ ಕೊಡದೆ ಇದ್ದದ್ದು ಇದಕ್ಕೇ ಇರಬೇಕು ಎಂದುಕೊಂಡ.

"ಬಾರೋ!"

ಕೈ ಅಡ್ಡವಿಟ್ಟು ನೋಡಿದ. ಬೆಳಕಿನಲ್ಲಿ ಗುರುಗಳ ತಲೆ ಮತ್ತು ಭುಜ ಮಾತ್ರ ಕಂಡವು. ಕೂತುಕೊಂಡು ನಾಟಕ ಬೇರೆ ಮಾಡುತ್ತಿದ್ದಾರೆ ಎಂದು ನಗು ಬಂತು.

"ಬರಲ್ಲ ಗುರುಗಳೇ!" ಎಂದು ಕೂಗಿದ. "ಗೋಲು ಬಿಟ್ಟು ಹೋಗಬೇಡ ಅಂದವರು ನೀವೇ ಅಲ್ವಾ!"

ಗುರುಗಳು ಇನ್ನೊಮ್ಮೆ ಕರೆದರು. ಈ ಸಲ ದನಿ ಸಣ್ಣದಾಗಿತ್ತು. ರಿಗ್ಜಿನ್ ಮಂಡಿ ಬಗ್ಗಿಸಿ, ಕೈಗವಸು ಅಗಲಿಸಿ, ಇನ್ನೂ ಭದ್ರವಾಗಿ ನಿಂತ.

ಆಮೇಲೆ ಯಾವ ದನಿಯೂ ಬರಲಿಲ್ಲ. ಅವನ ಕಾಲಡಿಯಲ್ಲಿ ಮಂಜುಗಡ್ಡೆ ಉದ್ದಕ್ಕೆ ಬಿರುಕು ಬಿಟ್ಟ ಸದ್ದಾಯಿತು.

ಅವನು ಮುಖವಾಡ ಕಿತ್ತೆಸೆದ. ಮೂಡಣ ಮೂಲೆಯಲ್ಲಿ ಕಪ್ಪು ನೀರು ಕಾಣುತ್ತಿತ್ತು. ನೀರಿನ ಮೇಲೆ ಒಂದು ಸ್ಟಿಕ್ ಅಡ್ಡ ಬಿದ್ದಿತ್ತು. ಅದನ್ನು ತಬ್ಬಿಕೊಂಡು ಗುರುಗಳು ಕಂಕುಳವರೆಗೆ ಮುಳುಗಿದ್ದರು.

ರಿಗ್ಜಿನ್ ಹೇಗೆ ಓಡಿದನೋ ಅವನಿಗೇ ಗೊತ್ತಿಲ್ಲ. ಹತ್ತಿರ ಬಂದಾಗ ಹೊಟ್ಟೆಯ ಮೇಲೆ ಬಿದ್ದು ತೆವಳಿದ, ತನ್ನ ಅಗಲವಾದ ಸ್ಟಿಕ್ ಚಾಚಿದ. ಗುರುಗಳ ಬೆರಳು ಮಡಚುತ್ತಿರಲಿಲ್ಲ. ಅಂಗಿಯ ಕೊರಳಪಟ್ಟಿಗೆ ಕೈಹಾಕಿ ಎಳೆದ. ಬೈಯುತ್ತ, ಅಳುತ್ತ, ದೇವರನ್ನು ಕೂಗುತ್ತ ಎಳೆದ. ಕೊನೆಗೆ ಅವರನ್ನು ಹೆಗಲ ಮೇಲೆ ಹಾಕಿಕೊಂಡು ಗುಡಿಸಲಿಗೆ ಓಡಿದ.

ಒದ್ದೆ ಬಟ್ಟೆ ತೆಗೆದು, ಇದ್ದ ಕಂಬಳಿಗಳನ್ನೆಲ್ಲ ಹೊದಿಸಿ, ಒಲೆ ಉರಿಸಿದ. ಗುರುಗಳ ತುಟಿ ನೀಲಿಯಾಗಿತ್ತು. ಗಡ್ಡದ ಮಂಜು ಕರಗಿ ಎದೆಯ ಮೇಲೆ ತೊಟ್ಟಿಕ್ಕುತ್ತಿತ್ತು.

ಬಹಳ ಹೊತ್ತಿನ ಮೇಲೆ ಅವರು ಕಣ್ಣು ತೆರೆದರು. ರಿಗ್ಜಿನ್ ಅವರ ಪಾದ ತಿಕ್ಕುತ್ತ ಕೂತಿದ್ದ.

"ಕರೆದಿದ್ದು ಕೇಳಿಸ್ತು ಗುರುಗಳೇ," ಎಂದ. "ಕೇಳಿಸಿದ್ರೂ ನಿಂತೆ."

ಗುರುಗಳು ಅವನತ್ತ ಮುಖ ತಿರುಗಿಸಿದರು.

"ಕೋಚ್ ಕರೆದಾಗಲೂ ಹೀಗೇ ನಿಂತಿದ್ದೆ. ನಾಳೆನೇ ಹೋಗಿ ಎಲ್ಲರ ಕಾಲಿಗೆ ಬೀಳ್ತೀನಿ. ಅವರು ಸೇರಿಸಿಕೊಂಡರೂ ಸರಿ, ಇಲ್ಲದಿದ್ರೂ ಸರಿ." ಅವನು ಗುರುಗಳ ಮಗ್ಗುಲಿಗೆ ಸರಿದು ಕೂತ. "ಏನಾದ್ರೂ ಹೇಳಿ. ಒಂದು ಏಟಾದ್ರೂ ಹೊಡೀರಿ."

ಗುರುಗಳು ಕಂಬಳಿಯೊಳಗಿಂದ ಕೈ ಹೊರತೆಗೆದು ಅವನ ತಲೆಯ ಮೇಲಿಟ್ಟರು. ಆ ಕೈ ಇನ್ನೂ ತಣ್ಣಗಿತ್ತು.

"ನಾನು ಕರೀತಿದ್ದಾಗ ಗೋಲು ಏನಾದ್ರೂ ಆಯ್ತಾ?" ಎಂದು ಕೇಳಿದರು.

"ಇಲ್ಲ," ಎಂದ ರಿಗ್ಜಿನ್, ತಲೆ ತಗ್ಗಿಸಿ.

"ಹಾಗಾದರೆ ಚೆನ್ನಾಗಿ ಕಾದಿದ್ದೀಯ," ಎಂದರು ಗುರುಗಳು.