ಹಂದಿಯ ಕಿವಿಯ ಗುರುತು

ಇಂಗ್ಲಿಷರ ಹಡಗು ಅಮೆರಿಕದ ತೀರ ಮುಟ್ಟಿದ ಮೊದಲ ಚಳಿಗಾಲ. ಹಡಗಿನಿಂದಿಳಿದ ಹಂದಿಯೊಂದು ಹಸಿದು ಬಸವಳಿದಿತ್ತು. ಮುದಿ ನೀರುನಾಯಿ ಅದನ್ನು ಕರೆದು, ಸಮುದ್ರ ಇಳಿದ ಹೊತ್ತಿನಲ್ಲಿ ಮರಳು ಬಗೆದು ಕಪ್ಪೆಚಿಪ್ಪು ತೆಗೆಯುವುದನ್ನು ಕಲಿಸಿತು.

"ಮರಿಚಿಪ್ಪುಗಳನ್ನು ಮತ್ತೆ ಹೂತುಬಿಡಪ್ಪ. ಮುಂದಿನ ವರ್ಷಕ್ಕೆ ಬೇಕು," ಎಂದಿತು.

ಮರುವರ್ಷ ನೀರುನಾಯಿ ಮೊಮ್ಮಕ್ಕಳೊಡನೆ ಬಂದಾಗ ದಡದುದ್ದಕ್ಕೂ ಬೇಲಿಯಿತ್ತು. ಒಳಗೆ ಹಂದಿ ಕೊಬ್ಬಿ ನಿಂತಿತ್ತು. ಅದರ ಕಾಲಡಿ ಮರಿಚಿಪ್ಪುಗಳೂ ಒಡೆದು ಬಿದ್ದಿದ್ದವು.

"ಮಕ್ಕಳು ಹಸಿದಿದ್ದಾರೆ, ದಾರಿ ಬಿಡು."

"ಈ ಜಾಗ ನಿನ್ನದೆನ್ನಲು ಗುರುತೇನಿದೆ, ಅಜ್ಜಿ? ನನ್ನನ್ನು ನೋಡು, ಮೈಮೇಲೇ ಯಜಮಾನರ ಗುರುತಿದೆ," ಎಂದು ಹಂದಿ ಕಚ್ಚು ಹಾಕಿದ ಕಿವಿಯನ್ನು ಅಲ್ಲಾಡಿಸಿತು.

"ತಲೆತಲಾಂತರದಿಂದ ಇಲ್ಲೇ ಉಂಡೆವು. ಗುರುತು ಹಾಕಬೇಕೆಂದು ಯಾರಿಗೂ ಹೊಳೆಯಲಿಲ್ಲ."

ವಾದಿಸಲು ನೀರುನಾಯಿಗೆ ತ್ರಾಣವಿರಲಿಲ್ಲ. ಮೊಮ್ಮಕ್ಕಳನ್ನು ಬೇರೆ ತೀರದತ್ತ ತಿರುಗಿಸುತ್ತಾ ಕೇಳಿತು: "ಹಸಿವಾದರೆ ನಿನ್ನ ಯಜಮಾನರು ಏನು ತಿನ್ನುತ್ತಾರೆ?"

ಹಂದಿ ಅದನ್ನು ಯೋಚಿಸಿರಲಿಲ್ಲ. ಅಷ್ಟರಲ್ಲಿ ಬೇಲಿಯ ಬಾಗಿಲು ತೆರೆದು ಯಜಮಾನ ಒಳಬಂದ. ಬಾಗಿ ಅದರ ಕಿವಿ ಹಿಡಿದು ನೋಡಿದ. ಹಂದಿ ತನ್ನದೇ ಎಂದು ಖಾತ್ರಿಯಾದ ಮೇಲೆ ಸೊಂಟದ ಕತ್ತಿಗೆ ಕೈಹಾಕಿದ.