ಹಿಪ್ಪೆ ಹೂವಿನ ಪಾಕ

ಹೊಳೆಯ ದಂಡೆಯ ಆಶ್ರಮದಲ್ಲಿ ಮರುಳಯ್ಯ ಎಂಬ ಗುರುಗಳಿದ್ದರು. ನಂಜಯ್ಯ ಅವರ ಶಿಷ್ಯ.

ಆ ಬೇಸಿಗೆ ಆಶ್ರಮಕ್ಕೆ ದೂರದಿಂದ ಯಾತ್ರಿಕರು ಬರುವವರಿದ್ದರು. ಅವರು ಮೆಚ್ಚುವಂಥ ಹಿಪ್ಪೆ ಹೂವಿನ ಪಾನಕ ಮಾಡಬೇಕೆಂದು ನಂಜಯ್ಯನಿಗೆ ಆಸೆಯಾಯಿತು.

ಹಿಪ್ಪೆ ಹೂವನ್ನು ಕೊಯ್ಯಬೇಕಿಲ್ಲ. ಬೆಳಗಿನ ಜಾವ ತಾನಾಗಿ ಉದುರುತ್ತದೆ. ನಂಜಯ್ಯ ಕೆಲವು ದಿನ ಎಲ್ಲರಿಗಿಂತ ಮೊದಲೇ ಎದ್ದು, ದಂಡೆಯ ಒಂಟಿ ಮರದಡಿ ಹೋಗಿ ಆಯ್ದು ತಂದ.

ತೊಳೆದು, ಬೇಯಿಸಿ, ಬಟ್ಟೆಯಲ್ಲಿ ಹಿಂಡಿದ. ರಸವನ್ನು ಸಣ್ಣ ಉರಿಯ ಮೇಲಿಟ್ಟು ಕೂತ. ಬೆಲ್ಲ ಬೇಕಾಗಲಿಲ್ಲ. ಜೇನಿನ ಬಣ್ಣಕ್ಕೆ ತಿರುಗಿ ಪಾಕ ಗಟ್ಟಿಯಾಯಿತು.

ಸ್ವಲ್ಪ ಪಾಕವನ್ನು ತಣ್ಣೀರಿಗೆ ಬೆರೆಸಿ ಗುರುಗಳ ಮುಂದಿಟ್ಟ.

ಗುರುಗಳು ಲೋಟ ಎತ್ತಿಕೊಂಡರು. "ಮರದ ಕೆಳಗೆ ಇನ್ನೂ ಹೂವಿದೆಯೇ?"

"ಒಂದೂ ಬಿಟ್ಟಿಲ್ಲ, ಗುರುಗಳೇ. ತರಗೆಲೆ ಸರಿಸಿ ಸರಿಸಿ ಆಯ್ದಿದ್ದೇನೆ."

ಗುರುಗಳು ಕುಡಿಯಲಿಲ್ಲ. ಲೋಟವನ್ನು ಅವನ ಕೈಗೇ ಕೊಟ್ಟರು. "ಮರದ ಹತ್ತಿರ ಯಾರಿದ್ದಾರೋ ಅವರಿಗೆ ಕೊಟ್ಟು ಬಾ."

ಅಲ್ಲಿ ಯಾರಿರುತ್ತಾರೆ ಎಂದುಕೊಂಡೇ ನಂಜಯ್ಯ ಹೋದ.

ಮುದುಕಿಯೊಬ್ಬಳು ಹೊಳೆಯಿಂದ ಕೊಡ ಹೊತ್ತು ತಂದು ಮರದ ಬುಡಕ್ಕೆ ನೀರು ಹೊಯ್ಯುತ್ತಿದ್ದಳು. ಪಕ್ಕದಲ್ಲಿ ಖಾಲಿ ಬುಟ್ಟಿ.

ಹೆಸರು ಕೆಂಚಮ್ಮ ಅಂದಳು. ಪ್ರತಿ ಬೇಸಿಗೆ ಈ ಹೂವನ್ನೇ ಒಣಗಿಸಿಟ್ಟು, ಮಳೆಗಾಲದಲ್ಲಿ ರಾಗಿಯ ಜೊತೆ ಕುಟ್ಟಿ ತಿನ್ನುತ್ತಾಳಂತೆ. ಈ ಸಲ ಯಾಕೋ ಹೂವೇ ಉದುರುತ್ತಿಲ್ಲವಂತೆ.

ನಂಜಯ್ಯ ಲೋಟ ನೀಡಿದ.

ಅವಳು ನಿಧಾನವಾಗಿ ಕುಡಿದಳು. "ಹಿಪ್ಪೆ ಹೂವಿಂದು. ಚೆನ್ನಾಗಿದೆ ಸ್ವಾಮಿ. ನಿಮಗೆ ಎಲ್ಲೋ ಒಳ್ಳೆ ಮರ ಸಿಕ್ಕಿದೆ."

ಆಮೇಲೆ ಕಾಂಡದ ಮೇಲೆ ಕೈಯಾಡಿಸಿದಳು. "ಇದಕ್ಕೂ ನನ್ನ ಹಾಗೇ ವಯಸ್ಸಾಯ್ತು. ನೀರು ಹೊಯ್ದು ನೋಡಿದೆ. ನಾಳೆಯಿಂದ ಬರಲ್ಲ."

ನಂಜಯ್ಯ ಖಾಲಿ ಲೋಟ ಹಿಡಿದು ಮರಳಿದ. ನಡೆದದ್ದನ್ನೆಲ್ಲ ಗುರುಗಳಿಗೆ ಹೇಳಿದ. ಹೇಳುವಾಗ ತಲೆ ಎತ್ತಲಿಲ್ಲ.

"ಪಾಕದ ಮಡಕೆಯನ್ನೇ ಅವಳಿಗೆ ಕೊಟ್ಟುಬಿಡಲೇ, ಗುರುಗಳೇ? ಯಾತ್ರಿಕರಿಗೆ ಮಜ್ಜಿಗೆ ಕೊಟ್ಟರಾಯಿತು."

"ಕೊಡು."

ನಂಜಯ್ಯ ಮಡಕೆ ಎತ್ತಿಕೊಂಡು ಬಾಗಿಲಿನವರೆಗೆ ಹೋದ. ಗುರುಗಳು ಹಿಂದಿನಿಂದ ಕರೆದರು.

"ನಂಜಯ್ಯ, ಮಡಕೆ ಕೆಳಗಿಡುವ ಮೊದಲು ಮರಕ್ಕೆ ವಯಸ್ಸಾಗಿಲ್ಲ ಅಂತ ಅವಳಿಗೆ ಹೇಳು."